ಅತ್ತೆಗೆ ಮುಖ ಕಾಣುವಷ್ಟು ಬೆಳಕು

ಬಲ್ಬಿಗೆ ಎಷ್ಟು ದೊಡ್ಡ ಶೇಡ್ ಹಾಕಬೇಕು? ಎಷ್ಟು ಎತ್ತರದಲ್ಲಿ ಕಟ್ಟಬೇಕು? ಕಳೆದ ತಿಂಗಳು ನಮ್ಮ ಹೆಗ್ಗದ್ದೆ ಮನೆಯಲ್ಲಿ ಇದಕ್ಕೇ ಜಗಳ.

ಮನೆಗೆ ಮೊದಲ ಸಲ ಕರೆಂಟ್ ಬಂತು ನೋಡಿ. ಚಿಕ್ಕಪ್ಪ ಸಕಲೇಶಪುರಕ್ಕೆ ಹೋಗಿ ಮೊರದಗಲದ ಶೇಡ್ ತಂದರು. (ಯಾವುದೋ ಎಸ್ಟೇಟ್ ಬಂಗಲೆಯಲ್ಲಿ ಅಂಥದ್ದೇ ಇದೆಯಂತೆ. ಸಾಕಲ್ಲ?) ಅದನ್ನು ನಡುಮನೆಯ ಮಧ್ಯೆ, ತಲೆಗೆ ತಾಗುವಷ್ಟು ಕೆಳಗೆ ಇಳಿಬಿಟ್ಟರು. ನೆಲದ ಮೇಲೆ ದುಂಡಗೆ ಬೆಳಕು. ಗೋಡೆಗೊರಗಿ ಕೂತ ನಾವೆಲ್ಲ ಕತ್ತಲಲ್ಲಿ.

ನಮಗೇನೂ ಅನ್ನಿಸಲಿಲ್ಲ. ತೊಂದರೆಯಾದದ್ದು ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ. ಹರೆಯದಲ್ಲಿ ಜ್ವರ ಬಂದು ಅವರ ಕಿವಿ ಹೋಯಿತು. ಮದುವೆಯೂ ಆಗಲಿಲ್ಲ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಲಾಟೀನಿನ ಕಾಲದಲ್ಲಿ ಊಟವಾದ ಕೂಡಲೇ ಚಾಪೆ ಹಾಸುತ್ತಿದ್ದರು. ನಿದ್ದೆ ಜಾಸ್ತಿ ಅಂದುಕೊಂಡಿದ್ದೆವು. ಎಂಥ ಜನ ನಾವು?

ಒಂದು ಸಂಜೆ ಅತ್ತೆ ಶೇಡ್ ಕಡೆ ಕೈ ತೋರಿಸಿ, "ಅದನ್ನ ತೆಗ್ಸೋ ಮಾರಾಯ. ಯಾರ ಮುಖನೂ ಕಾಣಲ್ಲ" ಅಂದರು. ವೈರ್‌ಮನ್ ಕರೆಸಿ ಶೇಡ್ ಬಿಚ್ಚಿಸಿದೆ, ಬಲ್ಬನ್ನು ಜಂತೆಯ ಹತ್ತಿರಕ್ಕೆ ಎತ್ತಿಸಿದೆ. ಬೆಳಕು ಗೋಡೆಯವರೆಗೂ ಹರಡಿತು. ಚಿಕ್ಕಪ್ಪ ಮುನಿಸಿಕೊಂಡರು. ಅತ್ತೆ ಮಾತ್ರ ಅವತ್ತು ಚಾಪೆ ಹಾಸಲಿಲ್ಲ. ನಮ್ಮ ಜೊತೆಯೇ ಕೂತು ನಕ್ಕರು.

ಮೊನ್ನೆ ಊಟದ ಮೇಲೆ ಹಿಸ್ಸೆಯ ಮಾತು ಬಂತು. ಗದ್ದೆ, ಕಾಫಿ ತೋಟ, ದನಕರು ಎಲ್ಲ ಭಾಗವಾಯಿತು. ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಅಭ್ಯಾಸಬಲ ನೋಡಿ, ಈಗ ಅವರಿಗೆ ತುಟಿ ಕಾಣುತ್ತದೆ ಅನ್ನುವುದನ್ನೇ ಮರೆತು ಯಾರೂ ಮುಖ ತಿರುಗಿಸಲಿಲ್ಲ.

"ಅಕ್ಕ ನಿನ್ ಕಡೆಗೇ ಇರ್ಲಿ ಕಣಣ್ಣ. ನಮ್ ಪಾಲಿನ ಮನೇಲಿ ಜಾಗ ಎಲ್ಲೈತೆ?" ಅಂದರು ಚಿಕ್ಕಪ್ಪ. ನಾನೊಬ್ಬನೇ ಯಾಕೆ, ವರ್ಷದಲ್ಲಿ ಅರ್ಧ ನೀನೂ ನೋಡಿಕೋ ಅನ್ನುವುದು ಅಪ್ಪನ ವಾದ.

ಅತ್ತೆಯ ಕೈ ನಿಂತಿತು.

"ದಿನಾ ರಾತ್ರಿ ಇದ್ನೇ ಮಾತಾಡ್ತಿದ್ರೇನ್ರೋ?"

ಚಿಕ್ಕಪ್ಪ ಎದ್ದು ಹೋಗಿ ಸ್ವಿಚ್ ಆರಿಸಿಬಿಟ್ಟರು. ಒಬ್ಬರ ಕಿವಿ ಮುಚ್ಚುವುದು ಇಷ್ಟು ಸುಲಭವೇ? ನಮ್ಮವರ ಬಗ್ಗೆ ನನಗೆ ನಾಚಿಕೆಯಾಯಿತು.

ಮರುದಿನ ವೈರ್‌ಮನ್ ಮತ್ತೆ ಬಂದ. ಸ್ವಿಚ್ ಈಗ ಅತ್ತೆ ಕೂರುವ ಜಾಗದ ಪಕ್ಕದಲ್ಲಿದೆ. ಅವತ್ತು ಮುಸ್ಸಂಜೆಗೆ ಅವರೇ ದೀಪ ಹಾಕಿದರು. ತಮ್ಮಂದಿರ ಎದುರು ಕೂತು, "ಈಗ ಹೇಳ್ರೋ, ನಾನೆಲ್ಲಿರ್ಲಿ?" ಅಂದರು.

ಬೆಳಕು ಬೇಕಾದಷ್ಟಿದೆ. ಇಬ್ಬರೂ ಇನ್ನೂ ಬಾಯಿ ಬಿಟ್ಟಿಲ್ಲ.