ಕೇಳಿಸಿತು ಎಂದ ಹತ್ತು ಮಂದಿ

ನನ್ನ ನಾದಿನಿಗೆ ಕೋಪ ಮೂಗಿನ ತುದಿಯಲ್ಲೇ. ಮೆಡಿಕಲ್ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಹುಡುಗರನ್ನು ರೋಗಿಯ ಮಂಚದ ಪಕ್ಕ ನಿಲ್ಲಿಸಿ ಪಾಠ ಹೇಳುತ್ತಾಳೆ. ಅವರಿಟ್ಟ ಹೆಸರು ಮಿಲಿಟರಿ ಮೇಡಂ. ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಿದ್ದಳು.

ಅಲ್ಲಿ ವಿದ್ಯಾರ್ಥಿಗಳು ಪಾಠದ ಬಗ್ಗೆ ಹೆಸರಿಲ್ಲದೆ ಬರೆದು ಒಂದು ಡಬ್ಬಿಗೆ ಹಾಕಬೇಕು. ಎಲ್ಲರೂ ಬರೆಯುವುದು 'ಚೆನ್ನಾಗಿದೆ' ಎಂದೇ. ಆ ಬುಧವಾರ ಮಾತ್ರ ಒಂದು ಚೀಟಿ ಹಿಡಿದು, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಓದಿ ಅತ್ತಿಗೆ."

'ಹೃದಯದ ಕವಾಟ ಸೋರುವ ಶಬ್ದ ಕೇಳಿಸಿತು ಎಂದು ಹೇಳುತ್ತಾ ಬಂದಿದ್ದೇನೆ. ನನಗೆ ಯಾವತ್ತೂ ಕೇಳಿಸಿಲ್ಲ. ಇಲ್ಲ ಎಂದರೆ ಎಲ್ಲರ ಮುಂದೆ ಕಿವಿ ತೊಳೆದುಕೊಂಡು ಬಾ ಅನ್ನುತ್ತೀರಿ.'

"ಅಂತೀಯಾ?" ಎಂದೆ.

"ತಮಾಷೆಗೆ ಅಂತೀನಿ! ಯಾವನೋ ಸೋಮಾರಿ. ಅಕ್ಷರ ನೋಡಿ ಹಿಡಿದೇ ಹಿಡೀತೀನಿ."

ನಾನು ಚೀಟಿಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಅವಳ ದನಿ ಇಳಿಯಿತು. "ಈ ಬ್ಯಾಚಿನ ಹತ್ತೂ ಜನರ ಲಾಗ್‌ಬುಕ್‌ಗೆ ಸಹಿ ಹಾಕಿಬಿಟ್ಟಿದೀನಿ ಅತ್ತಿಗೆ, ಶಬ್ದ ಗುರುತಿಸ್ತಾರೆ ಅಂತ. ಶನಿವಾರ ಒಂದು ಗಂಟೆಗೆ ಆಫೀಸಿಗೆ ಹೋಗುತ್ತೆ. ಆಮೇಲೆ ಪರೀಕ್ಷೆ, ಆಮೇಲೆ ಇವರೇ ಡಾಕ್ಟ್ರು. ಆಗಲೂ ಹೀಗೇ ಅಂದ್ರೆ ರೋಗಿ ಗತಿ?"

ಆ ರಾತ್ರಿ ನಾನು ಪ್ರಾರ್ಥನೆಗೆ ಕೂತಾಗ, ಯಾರೆಂದೇ ತಿಳಿಯದ ಆ ರೋಗಿ ನನ್ನ ಕಣ್ಣ ಮುಂದೆ ಬಂದ.

ಮುಂದಿನದು ಅವಳೇ ನನಗೆ ಹೇಳಿದ್ದು. ಮರುದಿನ ಅವಳು ಆಸ್ಪತ್ರೆಯ ಅಡುಗೆಯವನನ್ನು ಕರೆದು, ಪರೀಕ್ಷಿಸಿ, ಗುಂಡಿಗೆ ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ರೋಗಿಯ ಅಂಗಿ ತೊಡಿಸಿ ಮಲಗಿಸಿದಳು.

"ಕವಾಟ ಸೋರೋದು ಕೇಳಿಸ್ತಾ?" ಎಂದು ಹತ್ತು ವಿದ್ಯಾರ್ಥಿಗಳನ್ನೂ ಒಬ್ಬೊಬ್ಬರಾಗಿ ಕೇಳಿದಳು.

"ಕೇಳಿಸ್ತು ಮೇಡಂ," ಎಂದ ಮೊದಲನೆಯವನು. ಎರಡನೆಯವನಿಗೆ ಸ್ಪಷ್ಟವಾಗಿ ಕೇಳಿಸಿತು. ಏಳನೆಯವಳು, ಶಬ್ದ ಕಂಕುಳವರೆಗೂ ಹಬ್ಬಿದೆ ಎಂದಳು. ಹತ್ತನೆಯವಳಿಗೂ ಕೇಳಿಸಿತು. ಚೀಟಿ ಬರೆದವರೂ ಆ ಹತ್ತರಲ್ಲೇ ಇದ್ದರು.

ಅಡುಗೆಯವನು ದಡಕ್ಕನೆ ಎದ್ದು ಕೂತ. "ಮೇಡಂ! ಬೆಳಿಗ್ಗೆ ಏನೂ ಇಲ್ಲ ಅಂದ್ರಿ, ಈಗ ಹತ್ತು ಜನ ಸೋರ್ತಿದೆ ಅಂತಿದಾರಲ್ಲ!"

ಯಾರೂ ನಗಲಿಲ್ಲ. ಒಬ್ಬನ ಕಿವಿ ಕೆಂಪಾಯಿತು.

"ನಿಮಗೇನೂ ಇಲ್ಲಪ್ಪ, ಕಲ್ಲುಗುಂಡಿನ ಹಾಗಿದೀರಿ. ಇವರು ನನಗೆ ಹೆದರಿ ಹೇಳಿದ್ದು."

ಲಾಗ್‌ಬುಕ್‌ಗಳನ್ನು ತರಿಸಿ, ತನ್ನ ಸಹಿಯ ಮೇಲೆ ತಾನೇ ಗೆರೆ ಎಳೆದಳು. ಹತ್ತು ಸಲ.

"ಈ ಸಹಿ ಇಲ್ದೆ ಪರೀಕ್ಷೆಗೆ ಕೂರಿಸಲ್ಲ ಮೇಡಂ," ಎಂದು ಒಬ್ಬ ತೊದಲಿದ.

"ಗೊತ್ತು. ಶನಿವಾರದವರೆಗೆ ಟೈಮಿದೆ."

ಕಿಟಕಿ ಪಕ್ಕದ ಮಂಚದ ಅಜ್ಜಿಗೆ ನಿಜವಾಗಿ ಕವಾಟ ಸೋರುತ್ತಿತ್ತು. ಅಜ್ಜಿಯ ಒಪ್ಪಿಗೆ ಕೇಳಿ ಪರದೆ ಎಳೆದು, ಒಳಗೆ ಒಬ್ಬೊಬ್ಬರನ್ನೇ ಕರೆದಳು. ಇಬ್ಬರು ಒಟ್ಟಿಗೆ ಕೇಳಬಹುದಾದ ಸ್ಟೆತಸ್ಕೋಪ್, ಒಂದು ತುದಿ ಅವಳ ಕಿವಿಗೆ, ಇನ್ನೊಂದು ವಿದ್ಯಾರ್ಥಿಯ ಕಿವಿಗೆ. ಇಲ್ಲ ಎಂದವರಿಗೆ ಬೈಗುಳವಿಲ್ಲ, ಇನ್ನೊಂದು ಸಲ ಅಷ್ಟೆ. ಅಜ್ಜಿ, "ನನ್ನ ಎದೇಲಿ ರೇಡಿಯೋ ಇದೆಯೇನ್ರೋ?" ಎಂದು ಗೊಣಗಿದರೂ ಮಲಗಿಕೊಂಡರು.

ಶನಿವಾರ ಹನ್ನೆರಡೂವರೆಗೆ ಒಂಬತ್ತು ಸಹಿ ಆಗಿದ್ದವು. ಹತ್ತನೆಯವಳ ಕಣ್ಣು ತುಂಬಿತ್ತು. "ಕೇಳಿಸ್ತಿಲ್ಲ ಮೇಡಂ."

ಬಾಗಿಲಲ್ಲಿ ಲಾಗ್‌ಬುಕ್ ಒಯ್ಯಲು ಬಂದ ಆಫೀಸಿನ ಗುಮಾಸ್ತ. "ಒಂದು ಸಹಿಗೆ ಇಷ್ಟು ಹೊತ್ತಾ ಮೇಡಂ?"

ನಾದಿನಿ ಪೆನ್ನು ಮುಟ್ಟಲಿಲ್ಲ. "ಅಜ್ಜಿ, ಎಡಮಗ್ಗುಲಿಗೆ ತಿರುಗಿ. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡೀರಿ."

ಹುಡುಗಿಯ ತೋರುಬೆರಳು ಮಂಚದ ಅಂಚಿನ ಮೇಲೆ ಮೆಲ್ಲಗೆ ಎದ್ದು ಬಿದ್ದಿತು. ಮತ್ತೆ ಎದ್ದಿತು. ನಾದಿನಿಯ ಕಿವಿಯಲ್ಲಿ ಆ ಸೋರುವ ಶಬ್ದ ಸುಯ್ ಎಂದಾಗಲೆಲ್ಲ, ಸರಿಯಾಗಿ ಅದೇ ಹೊತ್ತಿಗೆ.