ಗಣೇಶ ಮಾವ ಹಾಡು ಬಿಟ್ಟ ವರ್ಷ

ಆಗೆಲ್ಲ ನಮ್ಮ ತೋಟದಲ್ಲಿ ಒಬ್ಬರೇ ಗಾಯಕರ ದನಿ ಮೂರು ಭಾಷೆಯಲ್ಲಿ ಕೇಳುತ್ತಿತ್ತು. ಆಳುಗಳ ಲೈನ್ ಮನೆಗಳಿಂದ ತಮಿಳಿನಲ್ಲಿ, ಗೇಟಿನ ಪಕ್ಕದ ಕಾಕನ ಚಾ ಅಂಗಡಿಯಿಂದ ಮಲಯಾಳದಲ್ಲಿ, ನಮ್ಮ ಮನೆಯ ರೇಡಿಯೋದಿಂದ ಕನ್ನಡದಲ್ಲಿ. ಅವರು ನಮ್ಮವರು, ಅಲ್ಲ ನಮ್ಮವರು ಎಂದು ಮೂರೂ ಕಡೆಯವರು ಜಗಳಕ್ಕೆ ನಿಲ್ಲುತ್ತಿದ್ದರು.

ಕಳೆದ ತಿಂಗಳು ಆ ಗಾಯಕರು ತೀರಿಕೊಂಡರು. ಟಿವಿಯಲ್ಲಿ ಇಡೀ ದಿನ ಅವರದೇ ಹಾಡು. ನನ್ನ ಜೊತೆ ಕೆಲಸ ಮಾಡುವವರೆಲ್ಲ ಫೋನಿನ ಸ್ಟೇಟಸ್ಸಿನಲ್ಲಿ ಅವರ ಚಿತ್ರ ಹಾಕಿದರು, ಕೆಲವರು ನಿಜವಾಗಿಯೂ ಅತ್ತರು. ನಾನು ಟಿವಿ ಆರಿಸಿದೆ. ಮೂವತ್ತಾರು ವರ್ಷದಿಂದ ಆ ದನಿ ಎಲ್ಲಿ ಕೇಳಿದರೂ ನಾನು ಎದ್ದು ಹೋಗುತ್ತಿದ್ದೆ. ಯಾಕೆಂದು ಗಂಡನಿಗೂ ಹೇಳಿಲ್ಲ.

ಅಪ್ಪ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಮ್ಮನ ತಮ್ಮ ಗಣೇಶ ಮಾವ ಅದೇ ಎಸ್ಟೇಟಿನ ಜೀಪ್ ಡ್ರೈವರ್, ನಮ್ಮ ಮನೆಯಲ್ಲೇ ಇದ್ದ. ಇಪ್ಪತ್ತನಾಲ್ಕು ವರ್ಷದ ಸಣಕಲು ಮನುಷ್ಯ. ಆದರೆ ಬಾಯಿ ತೆರೆದರೆ ಆ ಗಾಯಕರೇ. ವಿರಾಜಪೇಟೆಯಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾದವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮೈಸೂರಿನ ತಂಡವೊಂದು ಮುಂದಿನ ಮಳೆಗಾಲ ಕಳೆದ ಮೇಲೆ ಬಂದು ಸೇರಿಕೋ ಎಂದೂ ಹೇಳಿತ್ತು. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ‘ಗೂಡೆ’ ಎನ್ನುತ್ತಾರೆ. ಮಾವ ಜೀಪು ಹತ್ತುತ್ತಲೇ ನನ್ನ ಕಡೆ ತಿರುಗಿ, “ಗೂಡೆ, ಇವತ್ ಯಾವ ಹಾಡು?” ಎಂದು ಕೇಳುತ್ತಿದ್ದ.

ಅದು ಹಣ್ಣು ಕೊಯ್ಯುವ ಪಿಕಿಂಗ್ ಕಾಲ. ಕಣದ ತುಂಬ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆ ಬಟ್ಟೆಗೆ, ತಲೆಕೂದಲಿಗೆ, ಊಟದ ತಟ್ಟೆಗೂ ಹತ್ತಿಕೊಳ್ಳುತ್ತಿತ್ತು. ನಾನು ನಾಲ್ಕನೇ ಕ್ಲಾಸು. ನನ್ನ ಜೊತೆ ಅದೇ ಬೆಂಚಿನಲ್ಲಿ ಕೂರುತ್ತಿದ್ದವಳು ಸೆಲ್ವಿ, ಲೈನಿನ ಪಳನಿಯಮ್ಮನ ಮಗಳು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಮಾವನ ಜೀಪಿನ ಮುಂದಿನ ಸೀಟಿನಲ್ಲಿ. ಹಿಂದೆ ಹಣ್ಣಿನ ಚೀಲಗಳು, ಚೀಲಗಳ ಮೇಲೆ ಹೆಂಗಸರು. ಪಳನಿಯಮ್ಮ ಯಾವಾಗಲೂ ಕೊನೆಗೆ ಹತ್ತಿ ಹಿಂಬದಿಯ ಹಲಗೆಗೆ ಒರಗಿ ಕೂರುವವಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೇಯಿಸಿದ ಗೆಣಸನ್ನು ಅಲ್ಲಿಂದಲೇ ಕೈಯಿಂದ ಕೈಗೆ ದಾಟಿಸಿ ನಮಗೆ ಮುಟ್ಟಿಸುತ್ತಿದ್ದಳು.

“ಅಣ್ಣೇ, ನಿಮ್ಮ ಕನ್ನಡ ಸಾಕು. ನಮ್ಮ ಪಾಟ್ಟು ಒಂದು ಬರಲಿ!” ಎಂದು ಕೂಗುತ್ತಿದ್ದಳು.

“ನಿಂಗೆ ನಾಳೆ, ಪಳನಿಯಮ್ಮ. ಇವತ್ತು ಗೂಡೆಯದು,” ಎಂದು ಮಾವ ನಗುತ್ತಿದ್ದ. ಆದರೂ ಅವಳ ಹಾಡನ್ನೇ ಮೊದಲು ಹಾಡುತ್ತಿದ್ದ. ಅವಳು ಜೀಪಿನ ತಗಡಿಗೆ ಬಡಿದು ತಾಳ ಹಾಕುತ್ತಿದ್ದಳು.

ಆ ಗಾಯಕರ ಒಂದು ಹಾಡಿನಲ್ಲಿ ಉಸಿರೇ ಬಿಡದೆ ಎಳೆಯುವ ಉದ್ದದ ಸಾಲೊಂದಿತ್ತು. ಮಾವ ಅದನ್ನು ಹಾಡುವಾಗ ಸೆಲ್ವಿಯೂ ನಾನೂ ಬೆರಳು ಮಡಚಿ ಎಣಿಸುತ್ತಿದ್ದೆವು. ಅದೂ ಬೇಸರವಾಗಿ ಆ ವಾರ ನಾನೊಂದು ಹೊಸ ಆಟ ಹುಡುಕಿದ್ದೆ. ಅವನು ಉಸಿರು ಹಿಡಿದಿರುವಾಗ ಪಕ್ಕೆಗೆ ಕಚಗುಳಿ ಇಡುವುದು. ಎರಡು ಸಲ ಅವನು ನಕ್ಕು ಹಾಡು ತಪ್ಪಿಸಿದ್ದ. “ಗಾಡಿ ಓಡಿಸೋವಾಗ ಬೇಡ ಮಾರಾಯ್ತಿ,” ಎಂದೂ ಹೇಳಿದ್ದ.

ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಒಳ್ಳೆ ಬಿಸಿಲಿತ್ತು. ಮೇಲಿನ ತೋಟದಿಂದ ಜೀಪು ಕಣದ ಕಡೆ ಇಳಿಯುತ್ತಿತ್ತು. ಮಾವನ ಪಕ್ಕ ನಾನು, ನನ್ನ ಆಚೆ ಸೆಲ್ವಿ. ಕೆರೆಯ ತಿರುವಿನ ಹತ್ತಿರ ಬರುವಾಗ ಅವನು ಆ ಉದ್ದದ ಸಾಲು ಎತ್ತಿದ. ಹಿಂದಿನಿಂದ ಹೆಂಗಸರೂ ಎಣಿಸತೊಡಗಿದರು. ನಾನು ಎರಡೂ ಕೈಯನ್ನು ಅವನ ಕಂಕುಳಿಗೆ ತೂರಿಸಿದೆ.

ಅವನು ಕಿಸಕ್ಕನೆ ನಕ್ಕು ಮೈ ಹಿಂಡಿಕೊಂಡ. ಅಷ್ಟೇ. ಎಡಗಡೆಯ ಚಕ್ರ ಚರಂಡಿಗಿಳಿಯಿತು. ಜೀಪು ಒಮ್ಮೆಲೇ ಬೀಳಲಿಲ್ಲ, ನಿಧಾನಕ್ಕೆ ವಾಲಿತು. ಕೆಲವು ಹೆಂಗಸರು ಹಾರಿಕೊಂಡರು. ಚೀಲಗಳು ಒಂದರ ಮೇಲೊಂದು ಜಾರಿದವು, ಜೀಪು ಪಕ್ಕಕ್ಕೆ ಮಗುಚಿತು. ನನಗೂ ಸೆಲ್ವಿಗೂ ತರಚಿದ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಚೀಲ ಬಿಚ್ಚಿಕೊಂಡು ಕೆಂಪು ಹಣ್ಣು ರಸ್ತೆ ತುಂಬ ಉರುಳುತ್ತಿದ್ದುದನ್ನು ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಆಮೇಲೆ ಮಾವ ಕೂಗುವುದು ಕೇಳಿಸಿತು. ಅವನು ಒಬ್ಬನೇ ಜೀಪನ್ನು ಎತ್ತಲು ನೋಡುತ್ತಿದ್ದ. ಅದರಡಿಯಲ್ಲಿ ಸೊಂಟದವರೆಗೆ ಪಳನಿಯಮ್ಮ.

ಅವಳಿಗೆ ಎಚ್ಚರವಿತ್ತು. “ಅಣ್ಣೇ, ಸೆಲ್ವಿ ಎಲ್ಲಿ?” ಎಂದು ಕೇಳಿದಳು.

“ಚೆನ್ನಾಗಿದ್ದಾಳೆ. ಇಲ್ಲೇ ಇದ್ದಾಳೆ,” ಎಂದು ಮಾವ ಅಳುತ್ತ ಹೇಳಿದ.

ಆಳುಗಳು ಓಡಿ ಬಂದು ಜೀಪು ಎತ್ತಿ ಅವಳನ್ನು ಅಮ್ಮತ್ತಿಗೆ ಸಾಗಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಜೀವ ಹೋಗಿತ್ತು.

ಸಂಜೆ ಪೊಲೀಸರು ನಮ್ಮ ಮನೆಯ ಜಗಲಿಯಲ್ಲೇ ಕುಳಿತು ಮಾವನನ್ನು ವಿಚಾರಿಸಿದರು. ನಾನು ಬಾಗಿಲ ಹಿಂದೆ ಅಮ್ಮನ ಸೀರೆ ಹಿಡಿದು ನಿಂತಿದ್ದೆ.

“ಹಾಡ್ತಾ ಇದ್ದೆ ಸರ್. ರಸ್ತೆ ನೋಡ್ಲಿಲ್ಲ.”

“ಮುಂದೆ ಯಾರ್ಯಾರಿದ್ರು?”

“ಎರಡು ಮಕ್ಕಳು. ನಮ್ಮ ಕೂಸು ನಿದ್ದೆ ಮಾಡ್ತಿತ್ತು.”

ಹಾಗೆ ಹೇಳುವಾಗ ಅವನು ಬಾಗಿಲ ಕಡೆ ತಿರುಗಲೂ ಇಲ್ಲ. ಅಮ್ಮ ನನ್ನ ತಲೆ ಸವರಿ, “ಪುಣ್ಯ, ಅದಕ್ಕೆ ಏನೂ ಕಂಡಿಲ್ಲ,” ಎಂದಳು. ನಾನು ಬಾಯಿ ತೆರೆಯಲಿಲ್ಲ. ಆ ಒಂದು ಕ್ಷಣ ದಾಟಿದ ಮೇಲೆ ಹೇಳುವ ಧೈರ್ಯ ಮತ್ತೆ ಬರಲೇ ಇಲ್ಲ.

ಹತ್ತು ದಿನದ ಕಾರ್ಯ ಮುಗಿಸಿ ಸೆಲ್ವಿಯ ಅಪ್ಪ ಮಗಳನ್ನು ಕರೆದುಕೊಂಡು ತಮ್ಮ ಊರಿಗೆ ಹೊರಟ. ಹೋಗುವ ಮೊದಲು ಹೇಳಿ ಹೋಗಲು ನಮ್ಮ ಅಂಗಳಕ್ಕೆ ಬಂದರು. ಅಮ್ಮ ನನ್ನದೊಂದು ಹೊಸ ಲಂಗ ತಂದು ಸೆಲ್ವಿಯ ಕೈಯಲ್ಲಿಟ್ಟಳು. ದೊಡ್ಡವರು ಮಾತಾಡುವಾಗ ಸೆಲ್ವಿ ನನ್ನ ಹತ್ತಿರ ಬಂದಳು. ಅವಳ ಕಣ್ಣು ಬಾತುಕೊಂಡಿತ್ತು.

“ನಾನ್ ಯಾರತ್ರಾನೂ ಹೇಳ್ಲಿಲ್ಲ,” ಎಂದಳು.

ಅವಳು ಎಲ್ಲವನ್ನೂ ನೋಡಿದ್ದಳು. ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ನಾನು ಒಳಗೆ ಓಡಿಹೋಗಿ ಹೊದಿಕೆ ಎಳೆದುಕೊಂಡು ಮಲಗಿದೆ. ಅವರು ಹೋದದ್ದನ್ನೂ ನೋಡಲಿಲ್ಲ.

ಕೇಸು ನಡೆದು ಮಾವನಿಗೆ ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು. ಬಿಡುಗಡೆಯಾಗಿ ಬಂದವನು ನಮ್ಮ ಮನೆಗೆ ಬರದೆ ಪೊನ್ನಂಪೇಟೆಯ ಮರದ ಮಿಲ್ಲೊಂದಕ್ಕೆ ಸೇರಿಕೊಂಡ. ಮೈಸೂರಿನ ತಂಡ ಬೇರೆ ಯಾರನ್ನೋ ಹುಡುಕಿಕೊಂಡಿತು. ನಮ್ಮ ಮನೆಯ ಮದುವೆಗಳಲ್ಲಿ ಎಲ್ಲರೂ ಒತ್ತಾಯಿಸಿದರೂ ಅವನು ಒಂದು ಸಾಲೂ ಹಾಡಲಿಲ್ಲ. ಮಿಲ್ಲಿನ ಸದ್ದಿಗೆ ಅವನ ಕಿವಿಯೂ ಮಂದವಾಯಿತು. ಮದುವೆಯಾಗಲಿಲ್ಲ.

ಗಾಯಕರು ತೀರಿಕೊಂಡ ಮೂರನೇ ದಿನ ನಾನು ಪೊನ್ನಂಪೇಟೆಗೆ ಹೋದೆ. ಮಾವ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದ ಮನೆಯ ಟಿವಿಯಲ್ಲಿ ಅದೇ ದನಿ. ಈ ಸಲ ನಾನು ಎದ್ದು ಹೋಗಲಿಲ್ಲ. ಅವನಿಗೆ ಕೇಳುವ ಹಾಗೆ ಜೋರಾಗಿ ಹೇಳಬೇಕಾಗಿ ಬಂತು.

“ಮಾವ, ಅವತ್ತು ನಾನು ನಿದ್ದೆ ಮಾಡ್ತಿರ್ಲಿಲ್ಲ. ಕಚಗುಳಿ ಇಟ್ಟದ್ದು ನಾನು.”

“ಗೊತ್ತುಟ್ಟು ಗೂಡೆ,” ಎಂದ. “ಇಟ್ಟದ್ದು ನನ್ನ ಮೈಗಲ್ವಾ, ನಂಗೆ ಗೊತ್ತಿಲ್ದೆ ಇರ್ತದಾ?” ಎಂದ.

“ನೀನ್ಯಾಕೆ ಸುಳ್ಳು ಹೇಳ್ದೆ?”

“ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಒಂಬತ್ತು ವರ್ಷದ ಕೂಸಿನ ಹೆಸರು ಹೇಳಿ ನಾನೆಂತ ಮಾಡ್ಲಿ?”

ನಾನು ಅವನ ಕೈ ಹಿಡಿದುಕೊಂಡು ಅತ್ತೆ. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದೆನೋ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಕೊನೆಗೆ ಹೇಳಿದ:

“ನನ್ನ ಹತ್ರ ಹೇಳಿ ಆಯ್ತಲ್ಲ. ನಂಗೇನೂ ಸಿಟ್ಟಿಲ್ಲೆ. ಆದ್ರೆ ತಾಯಿ ಹೋದದ್ದು ಆ ಸೆಲ್ವಿಗೆ. ಅವಳತ್ರ ಹೇಳಿದ್ಯಾ?”

ವಾಪಸ್ ಬರುವಾಗ ದಾರಿ ತಿರುಗಿಸಿ ಹಳೆಯ ಎಸ್ಟೇಟಿಗೆ ಹೋದೆ. ಗೇಟಿನಲ್ಲಿ ಹೊಸಬನಿದ್ದ. ಲೈನ್ ಮನೆಗಳನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಈಗ ಪಿಕಿಂಗಿಗೆ ಅಸ್ಸಾಮಿನ ಕಡೆಯಿಂದ ಜನ ಬರುತ್ತಾರಂತೆ. ಪಳನಿಯಮ್ಮ ಎಂಬ ಹೆಸರು ಕೇಳಿದವರು ಅಲ್ಲಿ ಒಬ್ಬರೂ ಸಿಗಲಿಲ್ಲ. “ಯಾವ ಊರಿನವರು ಮೇಡಂ?” ಎಂದು ಗೇಟಿನವನು ಕೇಳಿದ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆ, ಅವಳ ತಾಯಿ ಕೊಟ್ಟ ಗೆಣಸು ತಿಂದಿದ್ದೆ. ಸೆಲ್ವಿಯ ಊರು ಯಾವುದು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.