ಆರು ರಸದ ಸ್ಮೂದಿ

ಮದುವೆ, ಉಪನಯನಗಳ ಊಟಕ್ಕೆ ಅಡುಗೆ ಮಾಡಿಯೇ ತಲೆ ನರೆತ ವಿಷ್ಣುಮೂರ್ತಿ ಭಟ್ಟರು, ಮಂಡಿನೋವು ಜೋರಾದ ಮೇಲೆ ಸಂತೆಕಟ್ಟೆಯಲ್ಲಿ ಜ್ಯೂಸ್ ಅಂಗಡಿ ಇಟ್ಟರು. ಆಯುರ್ವೇದ ಓದುತ್ತಿರುವ ಮಗಳು ಭಾವನಾ ಮೊನ್ನೆ ಹೊಸ ತಲೆನೋವು ತಂದಳು.

“ಅಪ್ಪ, ಇನ್ನು ಸ್ಮೂದಿ ಮಾಡುವ. ಹಣ್ಣಿಗೆ ಹಾಲು ಸೇರಿಸಬಾರದು, ಐಸ್ ಬೇಡ. ಆರು ರಸವೂ ಹದವಾಗಿ ಇರಬೇಕು.”

“ಹಾಲಿಲ್ಲ, ಐಸಿಲ್ಲ. ಮತ್ತೆ ಅದು ಎಂತದ್ದು ಮಾರಾಯ್ತಿ?”

ಅವಳು ಆಗಲೇ ಕಾಲೇಜಿನ ಬಸ್ಸು ಹತ್ತಿ ಆಗಿತ್ತು.

ಭಟ್ಟರು ಗೊಣಗುತ್ತಲೇ ಮಿಕ್ಸಿಗೆ ಸಿಹಿ, ಹುಳಿ ಎರಡಕ್ಕೂ ಆಗಲಿ ಎಂದು ಅನಾನಸು ಹಾಕಿದರು. ಕಹಿಗೆ ಹಾಗಲಕಾಯಿ, ಒಗರಿಗೆ ಬಾಳೆದಿಂಡು, ಮೇಲೆ ಉಪ್ಪು. ಖಾರಕ್ಕೆ ಎಂತದ್ದು? ಯೋಚಿಸುವಷ್ಟರಲ್ಲಿ ಕೈ ತಾನಾಗಿ ಹುರಿದ ಒಣಮೆಣಸು ಹಾಕಿ ಆಗಿತ್ತು. ಅದರ ಹಿಂದೆಯೇ ಬೆಲ್ಲ, ಯಾರೂ ಹೇಳದ ಹುರಿದ ಎಳ್ಳು. ಕುಡಿದು ನೋಡಿದರು. ತೀರಾ ಪರಿಚಯದ ರುಚಿ. ಲೋಟದಲ್ಲಿದ್ದುದರಿಂದಲೋ ಏನೋ, ಗುರುತು ಹತ್ತಲಿಲ್ಲ.

ಮಣಿಪಾಲದ ಜಿಮ್ಮಿನಿಂದ ಬಂದ ಹುಡುಗಿಯೊಬ್ಬಳು ಅರ್ಧ ಲೋಟ ಕುಡಿದು ನಿಲ್ಲಿಸಿದಳು.

“ಎಂತ, ಸರಿಯಾಗಲಿಲ್ವಾ?” ಎಂದರು ಭಟ್ಟರು.

“ಲಾಯ್ಕಾಗಿದೆ. ಇದು ಮದುವೆಯೂಟದ ಅನಾನಸು ಮೆಣಸ್ಕಾಯಿ ಗೊಜ್ಜು ಅಲ್ವಾ? ಸ್ವಲ್ಪ ಅನ್ನ ಉಂಟಾ ಭಟ್ರೇ?”